ಕಣ್ಣಿನೊಳಕ್ಕೆ ಔಷಧ: ಶ್ರವಣಾತೀತ ಧ್ವನಿ ನಡೆದುಬಂದ ಹಾದಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿ, ಜೋಳ, ಕಬ್ಬು ಬೆಳೆಯುವ ನಾಡು. ರಾಶಿ ಮಾಡುವಾಗ ಹಾರುವ ಹೊಟ್ಟು, ಕಡ್ಡಿಯ ಚೂರು, ಕಬ್ಬಿನ ಗರಿಯ ಅಂಚು ಇವೆಲ್ಲ ದುಡಿಯುವವರ ಕಣ್ಣಿಗೆ ಅಪಾಯ ತರಬಲ್ಲವು. ಗೀರಿದ ಜಾಗದಲ್ಲಿ ಶಿಲೀಂಧ್ರ ನೆಲೆಯೂರಿದರೆ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ನಿರ್ಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ಇದಕ್ಕೆ ಕೊಡುವ ಮುಖ್ಯ ಔಷಧ ನಟಾಮೈಸಿನ್. ಮೊದಲ ಕೆಲವು ದಿನ ಇದನ್ನು ಗಂಟೆ ಗಂಟೆಗೂ ಹಾಕಬೇಕಾಗುತ್ತದೆ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಹೊಲದ ಕೆಲಸ ಬಿಟ್ಟು ಕೂರಲಾಗದವರಿಗೆ ಇದು ಸುಲಭವಲ್ಲ. ಕಣ್ಣಿನ ಮೇಲೆಯೇ ಬಿದ್ದ ಔಷಧ ಒಳಗೆ ಹೋಗಲು ಇಷ್ಟು ತಿಣುಕುವುದೇಕೆ?

ಒಂದು ಹನಿಯ ಗಾತ್ರ ಸುಮಾರು 40ರಿಂದ 50 ಮೈಕ್ರೋಲೀಟರ್. ಕಣ್ಣಿನಲ್ಲಿ ಸಹಜವಾಗಿ ಇರುವ ಕಣ್ಣೀರು ಕೇವಲ 7 ಮೈಕ್ರೋಲೀಟರ್‌ನಷ್ಟು. ಆದ್ದರಿಂದ ಹನಿಯ ಬಹುಪಾಲು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಕಣ್ಣೀರಿನ ನಾಳದ ಮೂಲಕ ಮೂಗಿಗೆ ಹರಿಯುತ್ತದೆ. ಉಳಿದದ್ದಕ್ಕೆ ಕಾರ್ನಿಯಾ ಅಡ್ಡಗೋಡೆ. ಅರ್ಧ ಮಿಲಿಮೀಟರ್ ದಪ್ಪದ ಈ ಗೋಡೆಯ ಮೇಲ್ಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ನೀರಿನಲ್ಲಿ ಕರಗುವ ವಸ್ತುಗಳನ್ನು ಅವು ತಡೆಯುತ್ತವೆ. ಅದರ ಕೆಳಗಿನ ದಪ್ಪ ಪದರ ನೀರಿನಿಂದ ತುಂಬಿದ್ದು, ಕೊಬ್ಬಿನಲ್ಲಿ ಕರಗುವ ವಸ್ತುಗಳಿಗೆ ತಡೆಯಾಗುತ್ತದೆ. ಹೀಗಾಗಿ ಸಾಮಾನ್ಯವಾಗಿ ಹನಿಯಲ್ಲಿನ ಔಷಧದ ಶೇಕಡಾ 5ಕ್ಕಿಂತ ಕಡಿಮೆ ಭಾಗ ಮಾತ್ರ ಕಣ್ಣಿನ ಒಳಭಾಗ ಸೇರುತ್ತದೆ. ನಟಾಮೈಸಿನ್ ಅಣುವಂತೂ ದೊಡ್ಡದು (ಅಣುಭಾರ ಸುಮಾರು 666), ನೀರಿನಲ್ಲಿ ಅಷ್ಟಾಗಿ ಕರಗದು. ಅದು ಒಳಗಿಳಿಯಲೆಂದು ವೈದ್ಯರು ಹುಣ್ಣಿನ ಮೇಲ್ಪದರವನ್ನು ಆಗಾಗ ಕೆರೆದು ತೆಗೆಯುವುದುಂಟು. ಹೀಗೆ ಕೆರೆಯದೆ ಬಾಗಿಲು ತೆರೆಯಬಹುದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಒಂದು ದಾರಿ ಶ್ರವಣಾತೀತ ಧ್ವನಿ.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳ ಧ್ವನಿ ನಮ್ಮ ಕಿವಿಗೆ ಕೇಳದು. ಅದನ್ನು ಉತ್ಪಾದಿಸುವ ದಾರಿ ತೆರೆದದ್ದು 1880ರಲ್ಲಿ ಕ್ಯೂರಿ ಸಹೋದರರು. ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಅವರು ತೋರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವಾ ಇದರ ವಿಲೋಮ ಪರಿಣಾಮವನ್ನು ಬಳಸಿ, ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನಲ್ಲಿ ಶ್ರವಣಾತೀತ ತರಂಗಗಳನ್ನು ಹೊರಡಿಸಿದರು. 1927ರಲ್ಲಿ ವುಡ್ ಮತ್ತು ಲೂಮಿಸ್ ಪ್ರಬಲ ತರಂಗಗಳು ಜೀವಕೋಶಗಳನ್ನು ಹಾನಿಗೊಳಿಸುತ್ತವೆಂದು ವರದಿ ಮಾಡಿದರು.

ಈ ಇತಿಹಾಸದಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ದ್ರವದಲ್ಲಿ ಶ್ರವಣಾತೀತ ತರಂಗ ಹಾಯುವಾಗ ದಟ್ಟ ಮತ್ತು ವಿರಳ ಪದರಗಳು ಏರ್ಪಡುತ್ತವೆ. ಅವು ಬೆಳಕಿಗೆ ವಿವರ್ತನ ಜಾಲಕದಂತೆ ವರ್ತಿಸುತ್ತವೆ. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಕಂಡುಬಂದ ಈ ಪರಿಣಾಮಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935–36ರಲ್ಲಿ ಗಣಿತಬದ್ಧ ವಿವರಣೆ ನೀಡಿದರು. ರಾಮನ್–ನಾಥ್ ಸಿದ್ಧಾಂತವೆಂದು ಹೆಸರಾದ ಇದರ ಆಧಾರದಿಂದ, ಕಣ್ಣಿಗೆ ಕಾಣದ ಧ್ವನಿತರಂಗದ ಒತ್ತಡವನ್ನು ಬೆಳಕಿನ ನೆರವಿನಿಂದ ಅಳೆಯಬಹುದು. ಧ್ವನಿಯನ್ನು ಚಿಕಿತ್ಸೆಗೆ ಬಳಸಬೇಕಾದರೆ ಅದರ ಪ್ರಮಾಣ ತಿಳಿದಿರಲೇಬೇಕಷ್ಟೆ.

ಧ್ವನಿ ಕಣ್ಣನ್ನು ಮೊದಲು ಪ್ರವೇಶಿಸಿದ್ದು ಅಳತೆಗಾಗಿ. 1956ರಲ್ಲಿ ಮಂಡ್ಟ್ ಮತ್ತು ಹ್ಯೂಸ್ ಪ್ರತಿಧ್ವನಿಯಿಂದ ಕಣ್ಣಿನ ಒಳಭಾಗವನ್ನು ಪರೀಕ್ಷಿಸಿದರು. 1967ರಲ್ಲಿ ಚಾರ್ಲ್ಸ್ ಕೆಲ್ಮನ್, ದಂತವೈದ್ಯರು ಹಲ್ಲು ಶುಚಿಗೊಳಿಸುವ ಶ್ರವಣಾತೀತ ಸಾಧನದಿಂದ ಸ್ಫೂರ್ತಿ ಪಡೆದು, ಪೊರೆ ಬಂದ ಮಸೂರವನ್ನು ಪುಡಿಮಾಡಿ ಹೀರುವ ಫೇಕೋ ವಿಧಾನವನ್ನು ರೂಪಿಸಿದರು. ಅಳೆಯುವ ಧ್ವನಿ, ಒಡೆಯುವ ಧ್ವನಿ ಎರಡೂ ಹೀಗೆ ನೇತ್ರಚಿಕಿತ್ಸೆಯ ಭಾಗವಾದವು.

ಮೂರನೆಯದು ಔಷಧವನ್ನು ಒಳದಾಟಿಸುವ ಧ್ವನಿ. 1954ರಲ್ಲಿ ಫೆಲಿಂಗರ್ ಮತ್ತು ಷ್ಮಿಡ್ ಕೀಲುನೋವಿಗೆ ಚರ್ಮದ ಮೂಲಕ ಹೈಡ್ರೊಕಾರ್ಟಿಸೋನ್ ದಾಟಿಸಲು ಇದನ್ನು ಬಳಸಿದ್ದರು. 2004ರಲ್ಲಿ ವೆಸ್ನಾ ಜ್ಡೆರಿಚ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮೊಲದ ಕಣ್ಣಿನ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. 880 ಕಿಲೋಹರ್ಟ್ಸ್ ಧ್ವನಿಯನ್ನು ಚದರ ಸೆಂಟಿಮೀಟರಿಗೆ 0.19ರಿಂದ 0.56 ವ್ಯಾಟ್ ತೀವ್ರತೆಯಲ್ಲಿ ಹಾಯಿಸಿದಾಗ, ಕಾರ್ನಿಯಾ ದಾಟಿದ ಬಣ್ಣದ ಪ್ರಮಾಣ ಹಲವು ಪಟ್ಟು ಹೆಚ್ಚಿತು. ಮುಖ್ಯ ಕಾರಣ ದ್ರವದಲ್ಲಿ ಹುಟ್ಟಿ ಹಿಗ್ಗಿ ಕುಗ್ಗುವ ಸೂಕ್ಷ್ಮ ಗುಳ್ಳೆಗಳು. ಅವು ಮೇಲ್ಪದರದ ಕೋಶಗಳನ್ನು ಅಲ್ಲಲ್ಲಿ ಸಡಿಲಿಸಿ ದಾರಿ ಮಾಡುತ್ತವೆ.

ಎಚ್ಚರ ಬೇಕಾದುದೂ ಇಲ್ಲಿಯೇ. ಕಣ್ಣಿನ ಸ್ಕ್ಯಾನಿಂಗ್‌ಗೆ ಅಮೆರಿಕದ ನಿಯಂತ್ರಣ ಸಂಸ್ಥೆ ನಿಗದಿಪಡಿಸಿದ ಮಿತಿ ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್. ಮೇಲಿನ ಪ್ರಯೋಗಗಳ ತೀವ್ರತೆ ಇದರ ಸುಮಾರು 4ರಿಂದ 11 ಪಟ್ಟು. ಮಸೂರಕ್ಕೆ ರಕ್ತನಾಳಗಳಿಲ್ಲ, ಬಿಸಿಯಾದರೆ ಬೇಗ ತಣಿಯದು. ಔಷಧ ಒಳಸೇರಿದ ಮಾತ್ರಕ್ಕೆ ಗುಣವಾಗುತ್ತದೆ ಎಂದೂ ಅಲ್ಲ. ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುಲಭವಾಗಿ ಒಳಸೇರುವ ವೊರಿಕೊನಜೋಲ್‌ಗಿಂತ ನಟಾಮೈಸಿನ್ನೇ ಶಿಲೀಂಧ್ರ ಹುಣ್ಣಿಗೆ ಮೇಲೆನಿಸಿತು. ಸರಿಯಾದ ಔಷಧವೂ ಬೇಕು, ಅದಕ್ಕೆ ದಾರಿಯೂ ಬೇಕು.

ಶ್ರವಣಾತೀತ ಧ್ವನಿಯ ಈ ಮೂರನೆಯ ಬಳಕೆ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಅಲ್ಲಿಯವರೆಗೆ ಶಾಲೆಯಲ್ಲಿ ಹೇಳಿಕೊಡಬೇಕಾದ ಪಾಠ ಸರಳ: ರಾಶಿ ಮಾಡುವಾಗ ಕನ್ನಡಕ ಹಾಕಿಕೊಳ್ಳಬೇಕು, ಕಣ್ಣಿಗೆ ಕಡ್ಡಿ ತಾಗಿದರೆ ಸೊಪ್ಪಿನ ರಸ ಹಿಂಡಬಾರದು, ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಬಾರದು, ಅದು ಶಿಲೀಂಧ್ರವನ್ನು ಬೆಳೆಸುತ್ತದೆ. ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಬೇಕು.