ಹೊಗೆ ಮೊದಲೋ, ಎಳೆತ ಹೋದದ್ದು ಮೊದಲೋ: ಟರ್ಬೊ ಲಾರಿಗಳ ಕಪ್ಪು ಹೊಗೆಯ ಮೂಲ ಕುರಿತು

ಡೀಸೆಲ್ ಲಾರಿಯ ಹೊಗೆಯನ್ನು ಬಣ್ಣದಿಂದ ಓದುವ ಪದ್ಧತಿ ಹಳೆಯದು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಉರಿಯದ ಡೀಸೆಲ್ ಇಲ್ಲವೇ ಸಿಲಿಂಡರಿಗೆ ಇಳಿದ ಕೂಲಂಟ್. ಕಪ್ಪಾದರೆ ಗಾಳಿಗೆ ಮೀರಿದ ಡೀಸೆಲ್. ಇಷ್ಟರಲ್ಲಿ ತಕರಾರಿಲ್ಲ. ಕಪ್ಪು ಹೊಗೆ ಕಂಡೊಡನೆ ಪಂಪು ಇಳಿಸಿ ನಾಝಲ್ ಬಿಚ್ಚುವ ರೂಢಿಯ ಬಗ್ಗೆ ಮಾತ್ರ ನನ್ನ ತಕರಾರು.

ಇದಕ್ಕೆ ಪ್ರತಿಯಾಗಿ ಇನ್ನೊಂದು ವಾದವೂ ಇದೆ: ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸೀಳಿದರೆ ಗಾಳಿ ಕಡಿಮೆಯಾಗಿ ನೇರವಾಗಿ ಹೊಗೆ ಬರುತ್ತದೆ ಎಂಬುದು. ಅದೂ ಅರ್ಧ ಸರಿ. ಬಿಎಸ್-3 ಕಾಲದ ಮೆಕ್ಯಾನಿಕಲ್ ಪಂಪುಗಳಲ್ಲಿ ಹಲವಕ್ಕೆ ಬೂಸ್ಟ್ ಕಾಂಪೆನ್ಸೇಟರ್ ಇರುತ್ತದೆ. ಮ್ಯಾನಿಫೋಲ್ಡ್‌ನಿಂದ ಬಂದ ಸಣ್ಣ ಪೈಪು ಅದರ ಡಯಾಫ್ರಾಮನ್ನು ಒತ್ತಿದರೆ ಮಾತ್ರ ಪಂಪು ಪೂರ್ತಿ ಡೀಸೆಲ್ ಬಿಡುತ್ತದೆ. ಹೋಸ್ ಸೋರಿದರೆ ಒತ್ತಡ ಬೀಳುತ್ತದೆ, ಡೀಸೆಲ್ಲೂ ತಗ್ಗುತ್ತದೆ. ಆಗ ಬರಬೇಕಾದದ್ದು ಹೊಗೆಯಲ್ಲ, ಎಳೆತದ ಕೊರತೆ.

ಹಾಗಾದರೆ ಹೊಗೆ ಎಲ್ಲಿಂದ? ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ನಿಂತ ಲಾರಿಯೊಂದರಲ್ಲಿ ಉತ್ತರದ ಎಳೆ ಸಿಕ್ಕಿತು. ಹೋಸಿನ ಕೆಳಮಗ್ಗುಲಲ್ಲಿ, ಕ್ಲಾಂಪಿನ ಅಂಚಿಗೆ, ಎಣ್ಣೆ ಬೆರೆತ ಧೂಳು ಹೆಪ್ಪುಗಟ್ಟಿತ್ತು. ಒರೆಸಿದರೆ ಬೆರಳುಗುರಿನಷ್ಟು ಸೀಳು. ಅದಕ್ಕಿಂತ ಮುಖ್ಯವಾದದ್ದು ಪಂಪಿನ ಮೇಲಿತ್ತು: ಫುಲ್ ಲೋಡ್ ಸ್ಕ್ರೂಗೆ ಕಾರ್ಖಾನೆ ಹಾಕಿದ್ದ ತಂತಿ-ಸೀಸದ ಸೀಲು ಇರಲಿಲ್ಲ. ಕೇಳಿದಾಗ ಚಾಲಕರು ಅಂದರು: “ಗಾಡಿ ಎಳೀತಿರ್ಲಿಲ್ಲ ಸಾರ್, ಪಂಪು ಸ್ವಲ್ಪ ಕೊಡ್ಸಿದ್ವಿ. ಹೊಗೆ ಆಮೇಲೆ ಶುರುವಾಯ್ತು.”

ಈ ಕ್ರಮವೇ ನನ್ನ ವಾದ. ಸೋರಿಕೆಯಿಂದ ಎಳೆತ ಹೋಯಿತು. ಎಳೆತಕ್ಕಾಗಿ ಸ್ಕ್ರೂ ತಿರುಗಿತು. ಸ್ಕ್ರೂವಿನಿಂದ ಹೊಗೆ ಬಂತು. ಹೊಗೆ ಕಾಯಿಲೆಯದಲ್ಲ, ಬಹುಶಃ ಚಿಕಿತ್ಸೆಯದು. ‘ಬಹುಶಃ’ ಎಂದದ್ದು ಬೇಕೆಂದೇ. ಒಂದು ಲಾರಿಯಿಂದ ನಿಯಮ ಹುಟ್ಟುವುದಿಲ್ಲ. ಕಾಂಪೆನ್ಸೇಟರ್ ಇಲ್ಲದ ಪಂಪಿಗೂ ಬಿಎಸ್-4ರ ಕಾಮನ್ ರೈಲ್ ಎಂಜಿನ್ನಿಗೂ ಈ ಮಾತು ಹೀಗೆಯೇ ಅನ್ವಯಿಸದು. ನಾಝಲ್ ತೊಟ್ಟಿಕ್ಕುವ ಗಾಡಿಯಲ್ಲಿ ಎಳೆತಕ್ಕಿಂತ ಮೊದಲೇ ಹೊಗೆ ಕಾಣಬಹುದು. ಆದರೂ ಸ್ಪ್ಯಾನರ್ ಹಿಡಿಯುವ ಮುನ್ನ ಯಾವುದು ಮೊದಲಾಯಿತೆಂದು ಕೇಳುವುದಕ್ಕೆ ಖರ್ಚಿಲ್ಲ.

ಎಮಿಷನ್ ಟೆಸ್ಟ್ ಇಲ್ಲಿ ಹೆಚ್ಚು ನೆರವಾಗದು. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಒತ್ತಿ ಅಳೆಯುವ ಪರೀಕ್ಷೆ ಅದು. ಬಿಎಸ್-4ಕ್ಕಿಂತ ಹಳೆಯ ವಾಹನಕ್ಕೆ ಮಿತಿ 65 ಹಾರ್ಟ್ರಿಜ್. ಲೋಡಿಲ್ಲದ ಆ ಕೆಲವು ಕ್ಷಣಗಳಲ್ಲಿ ಟರ್ಬೊ ಘಾಟಿಯಷ್ಟು ಒತ್ತಡ ಕಟ್ಟುವುದಿಲ್ಲ. ಆ ಲಾರಿಯ ಸರ್ಟಿಫಿಕೇಟ್ ಚಾಲ್ತಿಯಲ್ಲೇ ಇತ್ತು.

ನನ್ನ ವಾದಕ್ಕೆ ಬಗ್ಗದ ಒಂದು ಸಂದರ್ಭ ಉಳಿಯುತ್ತದೆ. ಇಂಟರ್‌ಕೂಲರ್‌ನ ರೆಕ್ಕೆಗಳಿಗೆ ಧೂಳು ಮೆತ್ತಿದರೆ ಗಾಳಿ ಬಿಸಿಯಾಗಿಯೇ ಒಳಹೋಗುತ್ತದೆ: ಒತ್ತಡ ಸರಿಯಿದ್ದರೂ ಸಾಂದ್ರತೆ ಕಡಿಮೆ. ಡಯಾಫ್ರಾಮ್ ಒತ್ತಡವನ್ನಷ್ಟೇ ಬಲ್ಲದು, ಸಾಂದ್ರತೆಯನ್ನಲ್ಲ. ಅಲ್ಲಿ ಸೀಲು ಒಡೆಯದೆಯೂ ಹೊಗೆ ಬಂದೀತು. ಬರಿಯ ಪ್ರೆಷರ್ ಗೇಜ್ ಹಿಡಿದು ಅದನ್ನು ನಾಝಲ್ ದೋಷದಿಂದ ಹೇಗೆ ಬೇರ್ಪಡಿಸುವುದು ಎಂಬುದು ನನಗಿನ್ನೂ ಬಗೆಹರಿದಿಲ್ಲ.