ಅಲ್ ಸೂಫಿ ಬರೆಯದ ಮೋಡ

ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಖಗೋಳಜ್ಞ ಅಬ್ದುರ್ರಹ್ಮಾನ್ ಅಲ್ ಸೂಫಿ ಸ್ಥಿರ ನಕ್ಷತ್ರಗಳ ಕುರಿತ ತಮ್ಮ ಗ್ರಂಥವನ್ನು ರಚಿಸಿದರು. ಟಾಲೆಮಿಯ ಪಟ್ಟಿಯನ್ನು ಸುಮ್ಮನೆ ನಕಲು ಮಾಡದೆ, ತಾರೆಗಳ ಕಾಂತಿಯನ್ನು ತಾವೇ ನೋಡಿ ತಿದ್ದಿದರು. ಆಂಡ್ರೊಮಿಡಾದ ‘ಪುಟ್ಟ ಮೋಡ’ವನ್ನೂ ದಾಖಲಿಸಿದರು. ಅದು ಮೋಡವಲ್ಲ, ಇನ್ನೊಂದು ಗೆಲಾಕ್ಸಿ ಎಂಬುದು 1920ರ ದಶಕದಲ್ಲಿ ಖಚಿತವಾಯಿತು.

ನಿಜವಾದ ಮೋಡವೊಂದು ಮಹಾವ್ಯಾಧನ ಖಡ್ಗದಲ್ಲಿತ್ತು. ಅರಬರು ಅಲ್ ಜಬ್ಬಾರ್ ಎಂದು ಕರೆದ ಈ ಪುಂಜದಲ್ಲಿ ರೈಜೆಲ್ ಎಂದರೆ ಕಾಲು, ಸೈಫ್ ಎಂದರೆ ಖಡ್ಗ. ಹೆಸರುಗಳು ಇಂದಿಗೂ ಅರಬಿಯವೇ. ಆದರೆ ಅಲ್ಲಿನ ನೀಹಾರಿಕೆಯ ಬಗ್ಗೆ ಅಲ್ ಸೂಫಿ ಬರೆದಿಲ್ಲ. 1610ರಲ್ಲಿ ಗೆಲಿಲಿಯೋ ಪ್ರಕಟಿಸಿದ ಖಡ್ಗದ ಚಿತ್ರದಲ್ಲೂ ಅದಿಲ್ಲ. ಅದೇ ವರ್ಷ ಫ್ರಾನ್ಸಿನ ಪೈರೆಸ್ಕ್ ದೂರದರ್ಶಕದಲ್ಲಿ ಅದನ್ನು ಕಂಡರು. ಅದು ಅನಿಲವೆಂದು 1860ರ ದಶಕದಲ್ಲಿ ವಿಲಿಯಂ ಹಗಿನ್ಸ್ ಬೆಳಕಿನ ರೋಹಿತದಿಂದ ತೋರಿಸಿದರು. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಹೈಡ್ರೋಜನ್ ಮೋಡ ಎಳೆಯ ತಾರೆಗಳ ಅತಿನೇರಳೆ ಕಿರಣಗಳಿಂದ ಹೊಳೆಯುತ್ತದೆ. ಅದರ ಮಡಿಲಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

‘ಎಲ್ಲವನ್ನೂ ನಮ್ಮವರು ಮೊದಲೇ ಕಂಡಿದ್ದರು’ ಎನ್ನುವ ಚಾಳಿ ಎಲ್ಲ ಸಮುದಾಯಗಳಲ್ಲೂ ಇದೆ. ಇಲ್ಲದ ಕೀರ್ತಿ ಹೊರಿಸುವುದು ಅಲ್ ಸೂಫಿಗೆ ಸಲ್ಲಿಸುವ ಗೌರವವಲ್ಲ. ಹಿಂದಿನವರು ಹೇಳಿದ್ದನ್ನು ಒರೆಗೆ ಹಚ್ಚಿ ನೋಡಿದ್ದೇ ಅವರ ಹಿರಿಮೆ. ಅವರ ವಾರಸುದಾರರೆನ್ನುವವರು ಚಳಿಗಾಲದ ರಾತ್ರಿ ತಲೆಯೆತ್ತಿ ತಾವೇ ನೋಡಬೇಕು.