ಒಂದು ಪೈಸೆಯ ಹಠ

ಟಿಕೆಟ್ ಕೊಳ್ಳದೆ ಪ್ರಯಾಣಿಸುವವನನ್ನು ನಾವು ಕಳ್ಳನೆಂದೇ ಕರೆಯುತ್ತೇವೆ. ಆದರೆ 1953ರ ಜುಲೈಯಲ್ಲಿ ಕಲ್ಕತ್ತಾದ ಟ್ರಾಮುಗಳಲ್ಲಿ ಪೂರ್ತಿ ದರ ಕೊಡದೆ ಕುಳಿತ ಸಾವಿರಾರು ಮಂದಿ ಕಂಡಕ್ಟರನ ಕಣ್ಣು ತಪ್ಪಿಸಿದವರಲ್ಲ.

ಸ್ವಾತಂತ್ರ್ಯ ಬಂದು ಆರು ವರ್ಷವಾಗುತ್ತಾ ಬಂದಿದ್ದರೂ ಆ ನಗರದ ಟ್ರಾಮುಗಳು ಬ್ರಿಟಿಷ್ ಕಂಪೆನಿಯೊಂದರ ಕೈಯಲ್ಲೇ ಇದ್ದವು. ಅದು ಎರಡನೇ ದರ್ಜೆಯ ದರವನ್ನು ಒಂದು ಪೈಸೆ ಏರಿಸಿತು. ಬಿಧಾನ್ ಚಂದ್ರ ರಾಯರ ಸರಕಾರ ಒಪ್ಪಿಗೆಯನ್ನೂ ಕೊಟ್ಟಿತು. ಆಗ ರೂಪಾಯಿಗೆ 64 ಪೈಸೆ. ಉಳ್ಳವರಿಗೆ ಅದು ಲೆಕ್ಕಕ್ಕಿಲ್ಲದ ಮೊತ್ತ. ಆದರೆ ಎರಡನೇ ದರ್ಜೆಯಲ್ಲಿ ಓಡಾಡುತ್ತಿದ್ದವರು ಕೂಲಿಗಳು, ಗುಮಾಸ್ತರು, ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ನಿರಾಶ್ರಿತರು.

ಎಡಪಕ್ಷಗಳು ಪ್ರತಿರೋಧ ಸಮಿತಿ ಕಟ್ಟಿ, ಹಳೆಯ ದರವನ್ನಷ್ಟೇ ಕೊಡಿರೆಂದು ಕರೆಯಿತ್ತವು. ಜನರು ಹಳೆಯ ದರದ ಚಿಲ್ಲರೆ ಚಾಚಿ, ಹೆಚ್ಚಿನ ಪೈಸೆ ಕೊಡಲೊಲ್ಲೆವೆಂದರು. ಹರತಾಳ ನಡೆಯಿತು. ಪೊಲೀಸರು ಲಾಠಿ ಬೀಸಿದರು. ಜ್ಯೋತಿ ಬಸು ಮುಂತಾದವರು ಬಂಧನಕ್ಕೊಳಗಾದರು. ಟ್ರಾಮುಗಳಿಗೆ ಬೆಂಕಿಯಿಟ್ಟವರೂ ಇದ್ದರು, ಅದನ್ನು ಸಮರ್ಥಿಸಬೇಕಾಗಿಲ್ಲ. ಕೊನೆಗೆ ಸರಕಾರ ಮಣಿದು ಏರಿಕೆಯನ್ನು ತಡೆಹಿಡಿಯಿತು. ಮುಂದೆ 1967ರಲ್ಲಿ ಕಂಪೆನಿಯ ಆಡಳಿತವೇ ರಾಜ್ಯ ಸರಕಾರದ ಕೈಗೆ ಬಂತು.

ಬಾಗಿಲ ಬಳಿ ನಿಂತು, ತಪಾಸಣೆಯವರನ್ನು ಕಂಡೊಡನೆ ಇಳಿದು ಓಡುವವನು ತನ್ನೊಬ್ಬನ ಹಣ ಉಳಿಸಿಕೊಳ್ಳುತ್ತಾನೆ. ಅವನ ಪಾಲನ್ನು ಹೊರುವವನು ಟಿಕೆಟ್ ಕೊಂಡ ಸಹಪ್ರಯಾಣಿಕ. ಕಲ್ಕತ್ತಾದವರಾದರೋ ಕೊಡಬೇಕಾದುದನ್ನು ಎಲ್ಲರೆದುರು ಕೈಯಲ್ಲಿ ಹಿಡಿದುಕೊಂಡೇ ನಿರಾಕರಿಸಿದರು, ನಿರಾಕರಣೆಯ ಬೆಲೆಯನ್ನೂ ತೆತ್ತರು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ನ್ಯಾಯವಾಗಲಾರದು.